ಟವಲ್ ಒಳಗಿನ ಲೆಕ್ಕ

ತೆರಕಣಾಂಬಿ
14 ಜುಲೈ 2025

ಮಗಳು ಪವಿತ್ರಾಗೆ,

ಓದಿ ಗಾಬರಿಯಾಗಬೇಡ. ಬೆಳಿಗ್ಗೆ ಮನೆ ಬಿಟ್ಟ ನಿನ್ನ ಮಗಳು ಬಿಂದು ಇನ್ನೂ ವಾಪಸ್ ಬಂದಿಲ್ಲ. ಹಿತ್ತಲಲ್ಲಿ ಹುಡುಕಿದೆ, ಅಟ್ಟದ ಮೇಲೆ ಹುಡುಕಿದೆ, ಕೊಟ್ಟಿಗೆಯಲ್ಲೂ ನೋಡಿದೆ. ಎಲ್ಲೂ ಇಲ್ಲ. ನಿಮ್ಮವ್ವ ಅಡುಗೆಮನೆಯಲ್ಲಿ ಕೂತು ಒಂದೇ ಸಮ ಕಣ್ಣೀರು ಸುರಿಸುತ್ತಿದ್ದಾಳೆ.

ಈಗ ಉಸಿರು ಬಿಡು. ಗಂಟೆ ಇನ್ನೂ ಹನ್ನೊಂದು, ಬಿಂದು ಶಾಲೆಯಲ್ಲಿದ್ದಾಳೆ. ಶಾಲೆಗೆ ಹೋದ ಮಗುವನ್ನು ಅಟ್ಟದ ಮೇಲೆ ಹುಡುಕಿದರೆ ಸಿಗುತ್ತದೆಯೇ? ನಿಮ್ಮವ್ವ ಈರುಳ್ಳಿ ಹೆಚ್ಚುತ್ತಿದ್ದಾಳೆ. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಆದರೂ ತಪ್ಪು ನನ್ನದೇ, ಒಪ್ಪಿಕೊಂಡೆ.

ಹೋದ ತಿಂಗಳು ನಾನು ಫೋನಿನಲ್ಲಿ ಹೀಗೇ ಏನೋ ಹೇಳಿ, ನೀನು ನರ್ಸಿಂಗ್ ಹೋಮಿನಲ್ಲಿ ಇಂಜೆಕ್ಷನ್ ಟ್ರೇ ಕೆಳಗೆ ಬೀಳಿಸಿ, "ಇನ್ಮೇಲೆ ಡ್ಯೂಟಿ ಹೊತ್ನಲ್ಲಿ ಫೋನ್ ಮಾಡ್ಬೇಡಿ ಅಪ್ಪಾಜಿ, ಏನಿದ್ರೂ ಬರ್ದು ಕಳ್ಸಿ" ಅಂದೆಯಲ್ಲ, ಬರೆದಿದ್ದೇನೆ. ಸಂಜೆ ಫೋನ್ ಮಾಡೋಣವೆಂದರೆ ಬಿಂದುವಿನ ಕಿವಿ ಫೋನಿಗೇ ಅಂಟಿಕೊಂಡಿರುತ್ತದೆ. ಅವಳ ವಿಷಯ ಅವಳ ಮುಂದೆ ಹೇಗೆ ಹೇಳಲಿ? ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಶಶಿಕುಮಾರ ನಮ್ಮ ಅಂಚೆಯಣ್ಣ ಆಗಲು ಒಪ್ಪಿದ್ದಾನೆ. ನಿಮ್ಮ ಗೇಟಿನಲ್ಲಿ ಕೊಟ್ಟು ಹೋಗುತ್ತಾನೆ.

ವಿಷಯಕ್ಕೆ ಬರುತ್ತೇನೆ. ನಿನಗೆ ನೈಟ್ ಡ್ಯೂಟಿ, ಅಳಿಯ ಸೋಮೇಶ್ ಲಾರಿಗೆ ಗುಂಡ್ಲುಪೇಟೆ ಟೊಮೆಟೊ ತುಂಬಿಕೊಂಡು ಕೇರಳದ ದಾರಿಯಲ್ಲಿ. ಅದಕ್ಕೇ ಬಿಂದುವನ್ನು ಮೂರನೇ ಕ್ಲಾಸಿಗೆ ಇಲ್ಲಿ ಸೇರಿಸಿದೆವು. ಊಟ ಸರಿ, ನಿದ್ದೆ ಸರಿ, ಕನ್ನಡ ಓದುವುದೂ ಸರಿ. ಲೆಕ್ಕದಲ್ಲಿ ಮಾತ್ರ ಅಳು. ನಿನ್ನೆ ಹೋಂವರ್ಕಿಗೆ ಕೂತಳು.

"ತಾತ, ನಂಗೆ ಕಳ್ಯೋದು ಬರಕಿಲ್ಲ."

"ಹೊಲಕ್ಕೆ ಬಾ ಅಮ್ಮಿ, ಕೈತುಂಬ ಕಳೆ ಅದೆ. ಕೀಳೋದ ಕಲ್ತ್ರೆ ಕಳ್ಯೋದು ಬತ್ತದೆ" ಅಂದೆ. ನಗಲಿಲ್ಲ. ನನ್ನ ಮಾತಿಗೆ ಮಗು ನಗಲಿಲ್ಲವೆಂದರೆ ಪರಿಸ್ಥಿತಿ ಗಂಭೀರ.

ಎರಡರಿಂದ ಎಂಟು ಹೋಗದಿದ್ದರೆ ಪಕ್ಕದ ಮನೆಯಿಂದ ಹತ್ತು ತರಬೇಕು ಎಂದು ಅವರ ಮೇಡಂ ಹೇಳಿಕೊಟ್ಟಿದ್ದಾರಂತೆ. ಇವಳ ಪ್ರಶ್ನೆ: "ಪಕ್ಕದ್ಮನೆಯೋರು ಕೊಡಕಿಲ್ಲ ಅಂದ್ರೆ?" ನ್ಯಾಯವಾದ ಪ್ರಶ್ನೆ. ನಮ್ಮ ಪಕ್ಕದ ಮನೆಯವರು ಮೊಸರಿಗೆ ಹೆಪ್ಪನ್ನೇ ಕೊಡುವುದಿಲ್ಲ.

ಆಗ ನಾನು ಹೆಗಲ ಮೇಲಿನ ಟವಲ್ ತೆಗೆದೆ. ನಾನು ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದದ್ದು ನೀನು ಕಂಡಿದ್ದೀಯೆ. ಮಾರುವವನ ಕೈ, ಕೊಳ್ಳುವವನ ಕೈ, ಮೇಲೊಂದು ಟವಲ್. ಬಾಯಲ್ಲಿ "ನೂರು" ಅಂದು ಎಷ್ಟು ಬೆರಳು ಹಿಡಿದರೆ ಅಷ್ಟು ನೂರು. "ಹತ್ತು" ಅಂದು ಹಿಡಿದರೆ ಅಷ್ಟು ಹತ್ತು. "ಬಿಡಿ" ಅಂದರೆ ಬಿಡಿ. ಐದು ದಾಟಿದರೆ ಒಮ್ಮೆ ಐದೂ ಬೆರಳು ಒತ್ತಿ, ಮಿಕ್ಕಿದ್ದನ್ನು ಮತ್ತೆ ಹಿಡಿಯಬೇಕು. ಜಾಗವನ್ನು ಬಾಯಿ ಹೇಳುತ್ತದೆ, ಎಷ್ಟು ಅನ್ನುವುದನ್ನು ಕೈ ಹೇಳುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ.

ಬಿಂದು ಜೊತೆ ದನದ ವ್ಯಾಪಾರ ಬೇಡವೆಂದು ದೋಸೆ ವ್ಯಾಪಾರ ಮಾಡಿದೆ. ನಿಮ್ಮವ್ವ ಹುಯ್ದ ದೋಸೆ ಇಷ್ಟು, ನಾನು ತಿಂದದ್ದು ಇಷ್ಟು, ಮಿಕ್ಕಿದ್ದೆಷ್ಟು? ಸ್ವಲ್ಪ ಹೊತ್ತಿಗೆ ಅವಳೇ ಅಂದಳು: "ಬೆರಳು ಅದೇ ಕಣ್ ತಾತ, ಜಾಗ ಮಾತ್ರ ಬ್ಯಾರೆ." ಅವಳ ಮೇಡಂ ತಿಂಗಳಿಂದ ಹೇಳುತ್ತಿದ್ದದ್ದೂ ಇದೇ ಇರಬೇಕು. ಕಿವಿಗೆ ಹೋಗದ್ದು ಕೈಗೆ ಹೋಯಿತು.

ಒಂದು ಕಟ್ಟಳೆಯನ್ನೂ ಹೇಳಿಕೊಟ್ಟೆ. ಟವಲ್ ಒಳಗೆ ಹಿಡಿದದ್ದನ್ನು ಹೊರಗೆ ಬಾಯಿ ಬಿಡಬಾರದು. ಬಾಯಿ ಬಿಟ್ಟು ಕೈಕೊಟ್ಟವನಿಗೆ ಮುಂದಿನ ಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ.

ಹೆಸರಿಗೆ ಪುಟ್ಟ, ಅಳತೆಗೆ ಆರಡಿ,
ನಿಮ್ಮಪ್ಪ ಪುಟ್ಟಮಲ್ಲಪ್ಪ


ಚಾಮರಾಜನಗರ
20 ಜುಲೈ 2025

ಅಪ್ಪಾಜಿಗೆ,

ನಿಮ್ಮ ಕಾಗದದ ಮೊದಲ ಸಾಲುಗಳನ್ನು ಓದಿ ನಾನು ಬ್ಯಾಗು ತಗುಲಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಿದ್ದೆ. ಈರುಳ್ಳಿ ಸಿಕ್ಕಿದ್ದು ಗೇಟಿನ ಹತ್ತಿರ. ವಾಚ್‌ಮನ್ ಸೋಮಯ್ಯ, "ಯಾಕ್ ಸಿಸ್ಟರ್, ಅಳ್ತಾ ನಗ್ತಿದ್ದೀರಿ?" ಅಂದ. ಏನು ಹೇಳಲಿ ಹೇಳಿ.

ದೋಸೆ ವ್ಯಾಪಾರ ಚೆನ್ನಾಗಿದೆ. ಬಿಂದು ಲೆಕ್ಕಕ್ಕೆ ಅಳದೆ ಕೂತಳು ಅನ್ನುವುದೇ ನನಗೆ ದೊಡ್ಡದು. ನಾನು ಹತ್ತಿರವಿದ್ದು ಮಾಡಬೇಕಾದ್ದನ್ನು ನೀವು ಮಾಡುತ್ತಿದ್ದೀರಿ. ನೈಟ್ ಡ್ಯೂಟಿಯಲ್ಲಿ ಬೇರೆಯವರ ಮಕ್ಕಳಿಗೆ ಹೊದಿಕೆ ಸರಿಮಾಡುವಾಗ ಅದೇ ಯೋಚನೆ ಬರುತ್ತದೆ. ಇರಲಿ.

ಶಾಲೆಯಿಂದ ಬಂದ ತಕ್ಷಣ ಕೂರಿಸಬೇಡಿ. ಏನಾದರೂ ತಿಂದು, ಸ್ವಲ್ಪ ಆಡಿ ಬರಲಿ. ಆಮೇಲೂ ತುಂಬ ಹೊತ್ತು ಬೇಡ, ಅವಳಿಗೆ ಬೇಸರವಾಗುವ ಮೊದಲೇ ನೀವು ಎದ್ದುಬಿಡಿ. ಅವ್ವ ಅಕ್ಕಿ ಅಳೆಯುವಾಗ ಅವಳ ಕೈಗೇ ಪಾವು ಕೊಡಲಿ. ಮುಖ್ಯವಾಗಿ, ಟವಲ್ ಒಳಗೆ ಕಲಿತದ್ದನ್ನು ಸ್ಲೇಟಿನ ಮೇಲೆ ಬರೆಸಿ, ಬಾಯಲ್ಲಿ ಹೇಳಿಸಿ. ಶಾಲೆಯಲ್ಲಿ ಯಾರೂ ಟವಲ್ ಹಾಕಿಕೊಂಡು ಪಾಠ ಮಾಡುವುದಿಲ್ಲ.

ನಿಮ್ಮ ಮಗಳು,
ಪವಿತ್ರ


ತೆರಕಣಾಂಬಿ
8 ಆಗಸ್ಟ್ 2025

ಮಗಳೇ,

ನಿನ್ನ ಮಗಳು ನನ್ನನ್ನು ಮೀರಿಸಿದಳು. ಈಗ ಸಂಜೆಯಾದರೆ ಅವಳೇ ಟವಲ್ ಹಿಡಿದು ಜಗುಲಿಗೆ ಬರುತ್ತಾಳೆ. ಪಕ್ಕದ ಮನೆಯಿಂದ ಹತ್ತು ತರುವಾಗ ನನ್ನ ಬೆರಳನ್ನು ಒಂದು ಚಿವುಟು ಚಿವುಟುತ್ತಾಳೆ. ಅದು ಅವಳೇ ಕಂಡುಹಿಡಿದ ಗುರುತು, ನಮ್ಮ ಸಂತೆಯಲ್ಲಿ ಇರಲಿಲ್ಲ. "ಹತ್ತು ಅಂದ್ರೆ ಏನಮ್ಮಿ?" ಅಂದರೆ, "ಮರ ಹತ್ತು, ಬಸ್ ಹತ್ತು, ಬೆರಳ್ ಹತ್ತು" ಅನ್ನುತ್ತಾಳೆ. ನನ್ನ ರಕ್ತ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಕಟ್ಟಳೆಯನ್ನು ಎಷ್ಟು ಪಾಲಿಸುತ್ತಾಳೆ ಕೇಳು. ಮೊದಲ ವಾರ ನಿಮ್ಮವ್ವ ಒಂದು ಕೊಬ್ಬರಿ ಮಿಠಾಯಿ ತೋರಿಸಿ, "ನಿಮ್ಮಿಬ್ರುದೂ ಎಷ್ಟಕ್ಕೆ ನಿಂತು ಯೋಳು" ಅಂದದ್ದಕ್ಕೆ ಹೇಳಿಬಿಟ್ಟಳು. ಬಾಯಿ ಬಿಡುತ್ತಾಳೋ ನೋಡೋಣವೆಂದು ಮಿಠಾಯಿ ಕೊಡಿಸಿದವನು ನಾನೇ ಅನ್ನು. "ನೀನು ದಲ್ಲಾಳಿಯಲ್ಲ ಕಣಮ್ಮಿ, ಡಂಗುರ" ಎಂದು ದಿನವಿಡೀ ಡಬಡಬ ಮಾಡಿ ಗೋಳುಹುಯ್ದುಕೊಂಡೆ. ಮಾರನೇ ದಿನ ಮತ್ತೆ ಮಿಠಾಯಿ ಬಂತು. ತೆಗೆದುಕೊಂಡಳು, ತಿಂದಳು, ಬಾಯಿ ಒರೆಸಿಕೊಂಡಳು. "ಯೋಳಕಿಲ್ಲ ಕಣಜ್ಜಿ" ಅಂದಳು. ನಿಮ್ಮವ್ವ, "ಇಂತಾ ತಾತುಂಗೆ ಇಂತಾ ಮೊಮ್ಮಗ್ಳು, ನನ್ ಮಿಠಾಯಿ ಓಯ್ತು" ಎಂದು ಒಳಗೆ ಹೋದಳು.

ಸೊಪ್ಪು ಮಾರುವ ಚಿಕ್ಕಬಸಮ್ಮ ಬಂದರೆ ಬಿಂದು ಅವಳ ಸೆರಗಿನೊಳಗೇ ಕೈ ಹಾಕಿ ಎಷ್ಟು ಕಟ್ಟು ಅಂತ ಬೆರಳು ಹಿಡಿಯುತ್ತಾಳೆ. ಚಿಕ್ಕಬಸಮ್ಮ ಕಚಗುಳಿಯಾಗಿ ಒಂದು ಕಟ್ಟು ಹೆಚ್ಚಿಗೆ ಕೊಟ್ಟು ಓಡುತ್ತಾಳೆ.

ಸ್ಲೇಟು ಅಂದೆಯಲ್ಲ, ಅದೂ ಆಗುತ್ತದೆ ಬಿಡು. ಅವಸರವೇನು.

ಮೊಮ್ಮಗಳ ಕೈಯಲ್ಲಿ ಸೋತ,
ಪುಟ್ಟಮಲ್ಲಪ್ಪ


ಚಾಮರಾಜನಗರ
3 ಸೆಪ್ಟೆಂಬರ್ 2025

ಅಪ್ಪಾಜಿ,

ಬಿಂದುವಿನ ಮಹಾಲಕ್ಷ್ಮಮ್ಮ ಮೇಡಂ ನಿನ್ನೆ ಫೋನ್ ಮಾಡಿದ್ದರು. ಲೆಕ್ಕದ ಹೊತ್ತಿನಲ್ಲಿ ಬಿಂದು ಮೂಕಿಯಂತೆ ನಿಲ್ಲುತ್ತಾಳಂತೆ. ಉತ್ತರ ಎಷ್ಟು ಅಂದರೆ "ನೂರು, ಹತ್ತು, ಬಿಡಿ" ಅನ್ನುತ್ತಾಳಂತೆ, ಸಂಖ್ಯೆ ಹೇಳುವುದಿಲ್ಲ. ಕೈಯನ್ನು ಲಂಗದ ಮರೆಗೆ ಹಿಡಿದುಕೊಂಡು ಮೇಡಂ ಮುಖವನ್ನೇ ನೋಡುತ್ತಾಳಂತೆ. ಬೋರ್ಡಿಗೆ ಕರೆದರೆ ಚಾಕ್‌ಪೀಸ್ ಹಿಡಿದು ಸುಮ್ಮನೆ ನಿಲ್ಲುತ್ತಾಳೆ. ನೋಟ್‌ಬುಕ್ಕಿನಲ್ಲಿ ಲೆಕ್ಕ ಇಳಿಸಿಕೊಂಡಿದ್ದಾಳೆ, ಉತ್ತರದ ಜಾಗ ಖಾಲಿ.

ಮೇಡಂ ಬೈಯಲಿಲ್ಲ. ಮೆತ್ತಗೆ ಕೇಳಿದರು, "ಮನೇಲೂ ಹಿಂಗೇನಾ? ಯಾರಿಗಾದ್ರೂ ತೋರಿಸಿದ್ರಾ?" ಎಂದು. ಹೋದ ವಾರದಿಂದ ಲೆಕ್ಕದ ಪೀರಿಯಡ್‌ನಲ್ಲಿ ಅವಳನ್ನು ಎರಡನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸುತ್ತಿದ್ದಾರೆ. ನಿಮಗೆ ಗೊತ್ತಿತ್ತೇ? ಅವಳು ನಿಮಗೆ ಹೇಳಿದಳೇ? ನನಗೆ ಫೋನಿನಲ್ಲಿ "ಶಾಲೆ ಚೆನ್ನಾಗಿದೆ ಮಮ್ಮಿ" ಅಂತಲೇ ಹೇಳಿದ್ದಾಳೆ.

"ನನ್ನನ್ನು ಮೀರಿಸಿದಳು" ಎಂದು ನೀವು ಬರೆದಿದ್ದಿರಿ. ಅದೂ ನಿಮ್ಮ ತಮಾಷೆಯೇ?

ಸೋಮೇಶ್ ಜೊತೆ ಮಾತಾಡಿದೆ. ದಸರಾ ರಜೆಗೆ ಬಂದು ಬಿಂದುವನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಎದುರು ಮನೆಯಲ್ಲಿ ಒಬ್ಬರು ಟ್ಯೂಷನ್ ಮಾಡುತ್ತಾರೆ, ರಾತ್ರಿಯೂ ಅವರ ಮನೆಯಲ್ಲೇ ಮಲಗಲಿ. ಪರಿಚಯವಿಲ್ಲದವರು, ಆದರೂ ಬೇರೆ ದಾರಿ ಕಾಣುತ್ತಿಲ್ಲ. ನಿಮಗೆ ಬೇಸರವಾಗುತ್ತದೆಂದು ಗೊತ್ತು.

ಪವಿತ್ರ


ತೆರಕಣಾಂಬಿ
5 ಸೆಪ್ಟೆಂಬರ್ 2025

ಪವಿತ್ರ,

ಎರಡನೇ ಕ್ಲಾಸಿನ ವಿಷಯ ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿ ಬಿಂದುವನ್ನು ಪಕ್ಕ ಕೂರಿಸಿಕೊಂಡೆ.

"ಚಿಕ್ಕ ಮಕ್ಳ ಜೊತೆ ಕೂತ್ಕೊತಿಯಂತೆ?"

"ಊಂ."

"ಉತ್ರ ಗೊತ್ತಿದ್ದೂ ಯಾಕಮ್ಮಿ ಯೋಳಾಕಿಲ್ಲ?"

ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. "ನೀನೇ ಯೋಳಿಲ್ವಾ ತಾತ, ಒರಗೆ ಬಾಯಿ ಬುಡಬಾರ್ದು ಅಂತ? ಮೇಡಂಗೆ ಕೈ ಕೊಟ್ಟೆ. ಅವ್ರು ಇಡ್ಕಳ್ಲೇ ಇಲ್ಲ."

ಮೇಡಂ ಮುಂದೆ ಲಂಗದ ಮರೆಯಲ್ಲಿ ಕೈ ಚಾಚಿ ನಿಂತಿದ್ದಳಲ್ಲ ಪವಿತ್ರ, ಅದು ಉತ್ತರ. ಅವಳ ಮಟ್ಟಿಗೆ ಲೆಕ್ಕವೆಂದರೆ ಟವಲ್ ಒಳಗಿನದು. ಸಂಖ್ಯೆಯನ್ನು ಬಾಯಲ್ಲಿ ಹೇಳುವುದು, ಎಲ್ಲರಿಗೂ ಕಾಣುವ ಹಾಗೆ ಬರೆಯುವುದು, ಎರಡೂ ಕೈಕೊಟ್ಟ ಹಾಗೆ. ಡಂಗುರ ಅಂತ ಅಣಕಿಸಿಕೊಳ್ಳುವುದಕ್ಕಿಂತ ಚಿಕ್ಕವರ ಜೊತೆ ಕೂರುವುದೇ ವಾಸಿ ಅಂದುಕೊಂಡಿದ್ದಾಳೆ.

ಮಗುವಿಗೆ ಯಾವ ಕಾಯಿಲೆಯೂ ಇಲ್ಲ. ಸ್ಲೇಟಿನ ಮೇಲೆ ಬರೆಸಿ ಎಂದು ನೀನು ಜುಲೈನಲ್ಲೇ ಬರೆದೆ. ಆಟ ಚೆನ್ನಾಗಿ ನಡೆಯುತ್ತಿತ್ತು, ನನಗೇ ನಿಲ್ಲಿಸಲು ಮನಸ್ಸಾಗಲಿಲ್ಲ. ಇದು ತಮಾಷೆಯ ಕಾಗದವಲ್ಲ. ಅವಳನ್ನು ಗುರುತಿಲ್ಲದವರ ಮನೆಯಲ್ಲಿ ಮಲಗಿಸಬೇಡ.

ಅಪ್ಪ


ಚಾಮರಾಜನಗರ
9 ಸೆಪ್ಟೆಂಬರ್ 2025

ಅಪ್ಪಾಜಿ,

ಮೂರು ಸಲ ಓದಿದೆ. ಎಲ್ಲಿ "ಈಗ ಉಸಿರು ಬಿಡು" ಬರುತ್ತದೋ ಎಂದು ಕಾಯುತ್ತಲೇ ಓದಿದೆ. ನಿಮ್ಮನ್ನು ನಂಬಬೇಕೆಂದು ಆಸೆ ಇದೆ. ಆದರೆ ಮೊಮ್ಮಗಳು ಕೈಬಿಟ್ಟು ಹೋಗುತ್ತಾಳೆ ಅಂದರೆ ನೀವು ಎಂಥ ಕಥೆಯನ್ನಾದರೂ ಕಟ್ಟುತ್ತೀರಿ ಅನ್ನುವುದೂ ನನಗೆ ಗೊತ್ತು.

ಕಾರಣ ಅಷ್ಟೇ ಆಗಿದ್ದರೆ "ಇನ್ನು ಮೇಲೆ ಹೇಳಬಹುದು" ಎಂದು ಅವಳಿಗೆ ಒಂದು ಮಾತು ಹೇಳಿ. ಶಾಲೆಯಲ್ಲಿ ಬಾಯಿ ಬಿಟ್ಟರೆ ನಾನು ನಂಬುತ್ತೇನೆ. ಇಲ್ಲದಿದ್ದರೆ ರಜೆಗೆ ಬಂದವಳು ಕರೆದುಕೊಂಡೇ ಬರುತ್ತೇನೆ.

ಪವಿತ್ರ


ತೆರಕಣಾಂಬಿ
15 ಸೆಪ್ಟೆಂಬರ್ 2025

ಪವಿತ್ರ,

ಹೇಳಿದೆ. ಎಷ್ಟು ಸಲವೆಂದು ಕೇಳಬೇಡ. ನಗುನಗುತ್ತಾ ಹೇಳಿದೆ, ಮುಖ ಗಂಟಿಕ್ಕಿ ಹೇಳಿದೆ, ದೇವರ ಮನೆ ಮುಂದೆ ನಿಂತು ಹೇಳಿದೆ. ಅವಳದ್ದು ಒಂದೇ ಉತ್ತರ: "ಊಂ, ಯೋಳ್ತೀನಿ. ಆಮೇಕೆ ಡಂಗುರ ಅಂತೀಯ." ನಿಮ್ಮವ್ವ ಮಿಠಾಯಿ ಇಲ್ಲದೆ ಬರಿಗೈಯಲ್ಲಿ ಹೋಗಿ ಹೇಳಿದಳು. "ತಾತ ಕಳ್ಸವ್ನೆ, ನಂಗೊತ್ತು" ಅಂದಳು.

ನೀನೂ ನಂಬುವುದಿಲ್ಲ, ಅವಳೂ ನಂಬುವುದಿಲ್ಲ. ಮನೆಯಲ್ಲಿ ಎರಡು ತಲೆಮಾರಿಗೆ ನಾನೇ ಹೇಳಿಕೊಟ್ಟ ಪಾಠವಿದು, ಚೆನ್ನಾಗಿಯೇ ಕಲಿತಿದ್ದೀರಿ.

ನಿನ್ನೆ ಸಂಜೆ ಅವಳೇ ಕೇಳಿದಳು: "ತಾತ, ನೀನ್ ಯಾವತ್ತಾರ ಒರಗೆ ಯೋಳಿದ್ದಾ?"

"ಇಲ್ಲ ಕಣಮ್ಮಿ."

"ಮತ್ತೆ?"

ಕಟ್ಟಿಕೊಂಡ ಹೆಂಡತಿ ಎತ್ತಿನ ಬೆಲೆ ಎಷ್ಟಕ್ಕೆ ನಿಂತಿತು ಎಂದು ಕೇಳಿದರೂ ಹೇಳಿದವನಲ್ಲ ನಾನು. ಅವಳ ಕಣ್ಣೆದುರಿಗೆ, ಶಾಲೆಯಲ್ಲಿ, ನಾನೇ ಮೊದಲು ಬಾಯಿ ಬಿಡಬೇಕು. ಬೇರೆ ದಾರಿಯಿಲ್ಲ. ಮೇಡಂ ಹತ್ತಿರ ಕೇಳಿಕೊಂಡಿದ್ದೇನೆ, ರಜೆಗೆ ಮುಂಚೆ ಒಂದು ದಿನ ಬನ್ನಿ ಅಂದಿದ್ದಾರೆ. ನಗಲೂ ಇಲ್ಲ, ಬೈಯಲೂ ಇಲ್ಲ. "ತಪ್ಪು ನಂದೂ ಇದೆ, ಕೈ ಯಾಕೆ ಚಾಚ್ತಾಳೆ ಅಂತ ನಾನು ಕೇಳ್ಬೇಕಿತ್ತು" ಅಂದರು. ಒಳ್ಳೆಯ ಹೆಣ್ಣುಮಗಳು.

ಅಪ್ಪ


ತೆರಕಣಾಂಬಿ
19 ಸೆಪ್ಟೆಂಬರ್ 2025

ಮಗಳೇ ಪವಿತ್ರ,

ಮಾತಾಡಿದಳು! ಮಾತಾಡಿದಳು ಅಂದರೆ ಸಾಲದು, ಕೂಗಿದಳು. ಬಾಗಿಲಲ್ಲಿದ್ದ ಕೋಳಿ ಹಾರಿಹೋಯಿತು.

ನಿನ್ನೆ ಶಾಲೆಗೆ ಒಗೆದ ಪಂಚೆ ಉಟ್ಟು, ಹೊಸ ಟವಲ್ ಹೊದ್ದು ಹೋದೆ. ಮಕ್ಕಳೆಲ್ಲ ನೆಲದ ಮೇಲೆ ಅರ್ಧ ಚಂದ್ರದ ಹಾಗೆ ಕೂತಿದ್ದವು. ಬಿಂದು ಎರಡನೇ ಕ್ಲಾಸಿನವರ ಸಾಲಿನಲ್ಲಿ, ಎಲ್ಲರಿಗಿಂತ ಒಂದು ತಲೆ ಎತ್ತರ.

ಮೇಡಂ ಬೋರ್ಡಿನ ಮೇಲೆ ಬರೆದರು: 523ರಲ್ಲಿ 249 ಕಳೆಯಿರಿ. ಬಿಂದುವನ್ನು ಕರೆದು ನನ್ನ ಎದುರಿಗೆ ಕೂರಿಸಿದರು. ಟವಲ್ ಹಾಸಿದೆ. ಅವಳ ಕೈ ತಣ್ಣಗಿತ್ತು. ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದಳು. ಎರಡು ಸಲ ಚಿವುಟಿದಳು, ಅಂದರೆ ಪಕ್ಕದ ಮನೆಗೆ ಎರಡು ಸಲ ಹೋಗಿ ಬಂದಳು. ಆಮೇಲೆ "ನೂರು" ಅಂದಳು, ಹಿಡಿದಳು. "ಹತ್ತು" ಅಂದಳು, ಹಿಡಿದಳು. "ಬಿಡಿ" ಅಂದಳು, ಹಿಡಿದಳು, ಬಿಟ್ಟಳು.

"ಎಷ್ಟು ಪುಟ್ಟಮಲ್ಲಪ್ಪನೋರೇ?" ಅಂದರು ಮೇಡಂ.

ಬಿಂದು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಇನ್ನೂರ ಎಪ್ಪತ್ಮೂರು" ಅಂದೆ.

"ಸುಳ್ಳು!" ಎದ್ದು ನಿಂತೇಬಿಟ್ಟಳು. "ಸುಳ್ಳು ತಾತ! ಎಪ್ಪತ್ನಾಕು! ಇನ್ನೂರ ಎಪ್ಪತ್ನಾಕು! ನಾಕ್ ಬೆರಳೂ ಇಡ್ದಿದ್ದೆ ನಾನು!"

ಹೇಳಿದ ಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಡಂಗುರ ಅನ್ನುತ್ತೇನೇನೋ ಎಂದು ಕಾದಳು. ನಾನು ಅನ್ನಲಿಲ್ಲ. ಮೇಡಂ ಚಾಕ್‌ಪೀಸ್ ಅವಳ ಕೈಗಿಟ್ಟು, "ಹಂಗಾದ್ರೆ ತಾತುಂಗೆ ತಿಳಿಯೋ ಹಾಗೆ ಬರೆದು ತೋರಿಸು" ಅಂದರು. ಬರೆದಳು ಪವಿತ್ರ. ಪಕ್ಕದ ಮನೆಯ ಹತ್ತನ್ನು ಮೇಲೆ ಚಿಕ್ಕದಾಗಿ ಬರೆದು, ಒಂದೊಂದೇ ಕಳೆದು, ಕೆಳಗೆ 274. ಇನ್ನೊಂದು ಲೆಕ್ಕ ಕೊಟ್ಟರು. ಅದಕ್ಕೆ ಟವಲ್ ಕಡೆ ತಿರುಗಲೇ ಇಲ್ಲ, ಬಾಯಲ್ಲೇ ಹೇಳಿದಳು. ಪೀರಿಯಡ್ ಮುಗಿಯುವ ಹೊತ್ತಿಗೆ ಮೂರನೇ ಕ್ಲಾಸಿನ ಸಾಲಿನಲ್ಲಿ ಕೂತಿದ್ದಳು.

ಆಚೆ ಬಂದ ಮೇಲೆ ಮೇಡಂ, "ಬೇಕೂಂತ ತಪ್ಪು ಹೇಳಿದ್ರಲ್ವಾ? ಎಂಥಾ ಉಪಾಯ!" ಅಂದರು. "ಇನ್ನೇನು ಮತ್ತೆ" ಅಂದೆ. ಇಷ್ಟು ವರ್ಷ ಸುಳ್ಳು ಹೇಳಿದ್ದಕ್ಕೆ ಒಂದಾದರೂ ಕೆಲಸಕ್ಕೆ ಬರಬೇಡವೇ?

ಬಾಯಿ ಬಿಟ್ಟ ದಲ್ಲಾಳಿ,
ಪುಟ್ಟಮಲ್ಲಪ್ಪ


ಚಾಮರಾಜನಗರ
12 ಅಕ್ಟೋಬರ್ 2025

ಅಪ್ಪಾಜಿಗೆ,

ರಜೆ ಮುಗಿಸಿ ಬಂದು ನಾಲ್ಕು ದಿನವಾಯಿತು. ಅಲ್ಲಿದ್ದಾಗ ಹೇಳಲು ಬಾಯಿ ಬರಲಿಲ್ಲ, ಬರೆಯುವುದು ಸುಲಭ.

ಬಿಂದು ನನ್ನ ಮುಂದೆ ಕೂತು ಲೆಕ್ಕ ಮಾಡಿದ್ದನ್ನು ನೋಡಿದೆ. ಮೇಡಂ ಹತ್ತಿರವೂ ಮಾತಾಡಿದೆ. ಟ್ಯೂಷನ್‌ನವರಿಗೆ ಬೇಡ ಎಂದು ಹೇಳಿಯಾಯಿತು. ಬಿಂದು ನಿಮ್ಮ ಹತ್ತಿರವೇ ಇರಲಿ. ಒಂದು ಮಗು ಯಾವುದಕ್ಕೆ ಬಾಯಿ ಬಿಡುತ್ತದೆ ಎಂದು ಅಷ್ಟು ಸರಿಯಾಗಿ ಊಹಿಸಿ, ಕ್ಲಾಸಿನ ಮುಂದೆ ತಾನೇ ತಪ್ಪು ಹೇಳಿ ಪೆದ್ದನಾದ ತಾತನಿಗಿಂತ ಒಳ್ಳೆಯ ಜಾಗ ನನಗೆ ಸಿಗುವುದಿಲ್ಲ. ನೈಟ್ ಡ್ಯೂಟಿಯಲ್ಲಿ ಎಲ್ಲ ಸಿಸ್ಟರ್‌ಗಳಿಗೂ ಈ ಕಥೆ ಹೇಳಿದ್ದೇನೆ. ಆ ಒಂದು ಸುಳ್ಳಿಗಾಗಿ ನಿಮ್ಮ ಹಿಂದಿನ ಸುಳ್ಳುಗಳನ್ನೆಲ್ಲ ಮಾಫಿ ಮಾಡಿದೆ. ಟ್ರೇ ಬಿದ್ದದ್ದನ್ನೂ.

ನಿಮ್ಮ ಮಗಳು,
ಪವಿತ್ರ


ತೆರಕಣಾಂಬಿ
27 ಅಕ್ಟೋಬರ್ 2025

ಪವಿತ್ರ,

ಉತ್ತರ ಬರೆಯಲು ತಡವಾಯಿತು. ನೀನು ಮಾಫಿ ಮಾಡಿದ ಕಾಗದವನ್ನು ನಿಮ್ಮವ್ವ ನೆಂಟರಿಗೆಲ್ಲ ಓದಿಸಿದಳು. ಎಲ್ಲರೂ ನನ್ನ ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ. ದೀಪಾವಳಿಯೂ ಮುಗಿಯಿತು. ಈಗ ಬರೆಯದಿದ್ದರೆ ಮುಂದೆ ಬರೆಯುವುದಿಲ್ಲ.

ನಾನು ಶಾಲೆಗೆ ಹೋದದ್ದು ಸರಿಯಾದ ಉತ್ತರವನ್ನೇ ಹೇಳಲು. ಅವಳು ಹಿಡಿದದ್ದನ್ನು ನಾನು ಬಾಯಿ ಬಿಟ್ಟು ಹೇಳಿದರೆ ಅವಳಿಗೂ ಧೈರ್ಯ ಬರುತ್ತದೆ, ಅಷ್ಟೇ ನನ್ನ ಯೋಚನೆ. ನೂರು ತಿಳಿಯಿತು. ಹತ್ತು ತಿಳಿಯಿತು. ಬಿಡಿಗೆ ಮೂರೇ ಬೆರಳು ತಿಳಿದವು. ಕಿರುಬೆರಳನ್ನು ಅವಳು ಹಿಡಿದದ್ದು ನನ್ನ ಕೈಗೆ ಗೊತ್ತೇ ಆಗಲಿಲ್ಲ. ಅದು ಜೋಮು ಹಿಡಿದು ಎಷ್ಟು ದಿನವಾಯಿತೋ, ಪಕ್ಕದ ಬೆರಳೂ ಈಗ ಅದೇ ದಾರಿ ಹಿಡಿದಿದೆ. ಪಾದದಲ್ಲೂ ಸ್ವಲ್ಪ ಹಾಗೇ ಇದೆ. ನಿಮ್ಮವ್ವನಿಗೆ ಹೇಳಿಲ್ಲ, ನಿನಗೆ ಹೇಳಿದರೆ ರಕ್ತ ಪರೀಕ್ಷೆ ಅನ್ನುತ್ತೀಯೆಂದು ಸುಮ್ಮನಿದ್ದೆ.

ಅವಳು "ಸುಳ್ಳು" ಎಂದು ಕೂಗಿದಾಗ ಕೋಳಿಗಿಂತ ಮೊದಲು ಬೆಚ್ಚಿದವನು ನಾನು. ಮೇಡಂ ಉಪಾಯ ಅಂದರು, ನಾನು ಹೂಂ ಅಂದೆ. ನೀನು ಆ ಉಪಾಯ ನಂಬಿ ಮಗುವನ್ನು ಇಲ್ಲಿ ಬಿಟ್ಟಿದ್ದೀಯೆ. ಹಾಗಾಗಿ ಗೊತ್ತಿರಬೇಕು.

ಬಿಂದು ನಮ್ಮೆಲ್ಲರಿಗಿಂತ ಮೊದಲೇ ಕಂಡುಕೊಂಡಳು. ಹೋದ ವಾರ ಜಗುಲಿಯಲ್ಲಿ ಟವಲ್ ಒಳಗೆ ನನ್ನ ಕಿರುಬೆರಳನ್ನು ಉಗುರಿನಲ್ಲಿ ಒತ್ತಿದ್ದಾಳೆ, ಒಂದಲ್ಲ ಹಲವು ಸಲ. ನಾನು ಬೀದಿಯ ಕಡೆ ನೋಡುತ್ತಾ ಕೂತಿದ್ದೆ. ಟವಲ್ ಸರಿಸಿ ಬೆರಳನ್ನು ತಿರುಗಿಸಿ ನೋಡಿದಳು. "ತಾತ, ಇದು ಮಲಿಕ್ಕಂಡ್ಬುಟ್ಟದೆ" ಅಂದಳು. ಅವತ್ತಿನಿಂದ ಟವಲ್ ಹಾಸಲು ಬಿಡುವುದಿಲ್ಲ. ನನ್ನ ಪಕ್ಕ ಒತ್ತಿ ಕೂತು, ಉತ್ತರವನ್ನು ನನ್ನ ಕಿವಿಗೆ ಗಟ್ಟಿಯಾಗಿ ಹೇಳುತ್ತಾಳೆ. ಆಮೇಲೆ ಸ್ಲೇಟು ನನ್ನ ಮಡಿಲಿಗಿಟ್ಟು, "ನೀನೂ ಬರಿ" ಅನ್ನುತ್ತಾಳೆ.

ಭಾನುವಾರ ರಕ್ತ ಪರೀಕ್ಷೆಯ ಸಾಮಾನು ತೆಗೆದುಕೊಂಡು ಬಾ. ಬಿಂದು ಎಲ್ಲಿರಬೇಕು ಎಂಬುದನ್ನೂ ಇನ್ನೊಮ್ಮೆ ಯೋಚಿಸು, ಏನು ಹೇಳಿದರೂ ಕೇಳುತ್ತೇನೆ. ಅವತ್ತು ಆ ಮಕ್ಕಳ ಮುಂದೆ, ಮೂರು ಅಂತಲೇ ತಿಳಿದು, ನಾನು ನಿಜವಾಗಿಯೂ ತಪ್ಪು ಹೇಳಿದೆ.

ನಿಮ್ಮಪ್ಪ,
ಪುಟ್ಟಮಲ್ಲಪ್ಪ